ಒಂದು ವಾರಾಂತ್ಯಕ್ಕೆ ಬೇರೆ ತಂಡದ ಜರ್ಸಿ: ಗೆಸ್ಟ್ ಪ್ಲೇಯರ್ ಆಗುವ ಮುಂಚೆ

ಪ್ರಶ್ನೆ: ನಾವು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿದ್ದೇವೆ. ಮೈಸೂರಿನಿಂದ ಬಂದು ನಾಲ್ಕು ವರ್ಷವಾಯಿತು. ಮಗಳಿಗೆ 12 ವರ್ಷ. ಊರೂರಿಗೆ ಹೋಗಿ ಟೂರ್ನಮೆಂಟ್ ಆಡುವ ಟ್ರಾವೆಲ್ ಸಾಫ್ಟ್‌ಬಾಲ್‌ನ 12ಯು (12 ವರ್ಷ ಮತ್ತು ಅದಕ್ಕಿಂತ ಚಿಕ್ಕವರ) ತಂಡದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು. ಮುಂದಿನ ತಿಂಗಳ ಒಂದು ಟೂರ್ನಮೆಂಟಿಗೆ ಬೇರೆ ಕ್ಲಬ್‌ನ 14ಯು ತಂಡದ ಕೋಚ್ ಅವಳನ್ನು ‘ಗೆಸ್ಟ್ ಪ್ಲೇಯರ್’ ಆಗಿ ಕರೆದಿದ್ದಾರೆ. ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಒಪ್ಪಿಕೊಂಡರೆ ಸಾಕಂತೆ, ಬರ್ತ್ ಸರ್ಟಿಫಿಕೇಟ್ ಕಳಿಸಬೇಕಂತೆ. ಆ ವಾರ ನಮ್ಮ ತಂಡಕ್ಕೆ ಆಟವಿಲ್ಲ. ಹೀಗೆ ಆಡಿದರೆ ಇಡೀ ತಂಡವೇ ಹೊರಗೆ ಹೋಗಬೇಕಾದೀತು ಎಂದು ಇನ್ನೊಬ್ಬ ಹುಡುಗಿಯ ತಾಯಿ ಹೆದರಿಸಿದ್ದಾರೆ. ನಿಜವೇ? ನಮ್ಮ ಕೋಚ್‌ಗೆ ಹೇಳಬೇಕೇ? ಖರ್ಚು ಯಾರದು? ಸರ್ಟಿಫಿಕೇಟಿನಲ್ಲಿ ಮಗಳ ಹೆಸರೇ ಇಲ್ಲ, ಅದಕ್ಕೇನು ಮಾಡುವುದು?

ಉತ್ತರ: ಆ ಲಿಂಕ್ ಇನ್ನೂ ಒತ್ತಿಲ್ಲ ತಾನೇ? ಸದ್ಯಕ್ಕೆ ಒತ್ತಬೇಡಿ. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ನಿಧಾನವಾಗಿ ಉತ್ತರ ಹುಡುಕಬಹುದು. ಇದೊಂದನ್ನು ಮಾತ್ರ ಒತ್ತಿದ ಮೇಲೆ ಬಿಡಿಸಿಕೊಳ್ಳುವುದು ತಲೆನೋವು.

ಯಾಕೆಂದರೆ ‘ಗೆಸ್ಟ್ ಆಗಿ ಆಡುವುದು’ ಬೇರೆ, ‘ರೋಸ್ಟರ್‌ಗೆ ಸೇರುವುದು’ ಬೇರೆ. ಕೋಚ್‌ಗಳು ಮಾತಾಡುವಾಗ ಎರಡಕ್ಕೂ ಗೆಸ್ಟ್ ಅಂತಲೇ ಹೇಳಿಬಿಡುತ್ತಾರೆ. ಮೋಸ ಮಾಡಬೇಕು ಅಂತಲ್ಲ, ಅವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಗೆಸ್ಟ್ ಅಂದರೆ ಆ ಒಂದು ಟೂರ್ನಮೆಂಟಿನ ಪಟ್ಟಿಯಲ್ಲಿ ಹೆಸರು ಬರೆಸಿ, ಭಾನುವಾರ ಸಂಜೆ ಮನೆಗೆ ಬರುವುದು. ರೋಸ್ಟರ್ ಅಂದರೆ ತಂಡದ ಅಧಿಕೃತ ಆಟಗಾರ್ತಿಯರ ಪಟ್ಟಿ; ಅದಕ್ಕೆ ಸೇರುವುದು ಅಂದರೆ ಟೂರ್ನಮೆಂಟ್ ನಡೆಸುವ ಸಂಸ್ಥೆಯ ದಾಖಲೆಯಲ್ಲಿ ನಿಮ್ಮ ಮಗಳು ಆ ತಂಡದ ಹುಡುಗಿ ಆದಳು ಎಂದು ಅರ್ಥ. ಕೆಲವು ಸಂಸ್ಥೆಗಳಲ್ಲಿ ಎರಡು ತಂಡಗಳ ರೋಸ್ಟರ್‌ನಲ್ಲಿ ಒಟ್ಟಿಗೆ ಇರುವಂತಿಲ್ಲ. ಮೊದಲಿನ ತಂಡ ‘ರಿಲೀಸ್’, ಅಂದರೆ ಬಿಟ್ಟುಕೊಡುವ ಒಪ್ಪಿಗೆ, ಕೊಡಬೇಕು. ಮತ್ತೆ ವಾಪಸ್ ಬರಬೇಕಾದರೆ ಹೊಸ ತಂಡ ಕೊಡಬೇಕು. ಒಂದು ವಾರಾಂತ್ಯಕ್ಕೆಂದು ಹೋದ ಹುಡುಗಿ ತನ್ನ ತಂಡದ ಮುಂದಿನ ಪಂದ್ಯಕ್ಕೆ ಕಾಗದದ ಮೇಲೆ ಇಲ್ಲದಂತಾಗಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ಆ ಕೋಚ್‌ಗೆ ಒಂದೇ ಸಾಲಿನಲ್ಲಿ ಬರೆದು ಕೇಳಿ: ಈ ಲಿಂಕ್ ಅವಳನ್ನು ಈ ಟೂರ್ನಮೆಂಟಿಗೆ ಮಾತ್ರ ಗೆಸ್ಟ್ ಮಾಡುತ್ತದೋ, ನಿಮ್ಮ ಸೀಸನ್ ರೋಸ್ಟರ್‌ಗೆ ಸೇರಿಸುತ್ತದೋ? ಫೋನಿನಲ್ಲಿ ಬೇಡ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ.

ಇದಕ್ಕೆ ಸರಿಯಾದ ನಿಯಮ ಯಾವುದು ಎಂದರೆ ನಾನು ಒಂದೇ ಮಾತಿನಲ್ಲಿ ಹೇಳಲಾರೆ. ಊರಿನಿಂದ ಬಂದವರಿಗೆ ಇದು ಮೊದಲು ಅರ್ಥವಾಗುವುದಿಲ್ಲ. ನಮಗೆ ಕ್ರಿಕೆಟ್ ಅಂದರೆ ಬಿಸಿಸಿಐ, ಒಂದೇ ಬಾಗಿಲು. ಇಲ್ಲಿ ಯುಎಸ್‌ಎ ಸಾಫ್ಟ್‌ಬಾಲ್ ಎನ್ನುವುದು ರಾಷ್ಟ್ರೀಯ ಸಂಸ್ಥೆ ಹೌದು, ಒಕ್ಲಹೋಮ ಸಿಟಿಯಲ್ಲಿದೆ, 1933ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಆದರೆ ನಿಮ್ಮ ಶನಿವಾರದ ಟೂರ್ನಮೆಂಟ್ ಅದರದ್ದೇ ಆಗಿರಬೇಕೆಂದಿಲ್ಲ. ಯುಎಸ್‌ಎಸ್‌ಎಸ್‌ಎ ಇದೆ, ಪಿಜಿಎಫ್ ಇದೆ, ಎನ್‌ಎಸ್‌ಎ ಇದೆ, ಟ್ರಿಪಲ್ ಕ್ರೌನ್ ಇದೆ, ಇನ್ನೂ ಹಲವು ಇವೆ. ಪ್ರತಿಯೊಂದಕ್ಕೂ ತನ್ನದೇ ನಿಯಮದ ಪುಸ್ತಕ. ಅದರ ಮೇಲೆ ಆ ಟೂರ್ನಮೆಂಟ್ ನಡೆಸುವ ಡೈರೆಕ್ಟರ್ ತನ್ನದೂ ನಾಲ್ಕು ಸಾಲು ಸೇರಿಸಿರುತ್ತಾರೆ. ಹೋದ ವಾರ ನಡೆದದ್ದು ಈ ವಾರ ನಡೆಯದು, ಎದುರಿನ ಮೈದಾನದಲ್ಲಿ ನಡೆದದ್ದು ಇಲ್ಲಿ ನಡೆಯದು. ‘ನಾವು ಯಾವಾಗಲೂ ಹೀಗೇ ಮಾಡ್ತೀವಿ’ ಎಂದು ಯಾರಾದರೂ ಹೇಳಿದರೆ ಯಾವ ಸಂಸ್ಥೆಯ ಟೂರ್ನಮೆಂಟಿನಲ್ಲಿ ಎಂದು ಕೇಳಿ.

ಹಾಗಂತ ಇದೇನೂ ಅಮೆರಿಕದವರು ಕಂಡುಹಿಡಿದ ರಗಳೆಯಲ್ಲ. ನಮ್ಮ ಕಡೆ ಪಂಚಾಯಿತಿ ಮಟ್ಟದ ಕ್ರಿಕೆಟ್ ಟೂರ್ನಮೆಂಟುಗಳ ಪೋಸ್ಟರ್ ನೆನಪಿಸಿಕೊಳ್ಳಿ. ‘ಆಧಾರ್ ಕಾರ್ಡ್ ಕಡ್ಡಾಯ, ಹೊರಗಿನ ಇಬ್ಬರಿಗೆ ಮಾತ್ರ ಅವಕಾಶ’ ಎಂಬಂಥ ಸಾಲು ಕೆಳಗೆ ಇರುತ್ತದಲ್ಲ, ಅದೇ ಇದು. ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿಯಲ್ಲಂತೂ ಮನೆತನವೇ ರೋಸ್ಟರ್. ಪಕ್ಕದ ಮನೆಯ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ನಿಮ್ಮ ಒಕ್ಕದವನಲ್ಲದಿದ್ದರೆ ನಿಮ್ಮ ತಂಡಕ್ಕಿಲ್ಲ. ಎಲ್ಲ ಕಡೆಯೂ ಭಯ ಒಂದೇ: ಫೈನಲ್ ದಿನ ಎಲ್ಲಿಂದಲೋ ಒಬ್ಬ ಭರ್ಜರಿ ಆಟಗಾರ ಇಳಿದುಬಿಡುತ್ತಾನೆ ಅನ್ನುವುದು.

ಆದರೆ ಗೆಸ್ಟ್ ಬೇಕಾಗುವುದಕ್ಕೆ ನ್ಯಾಯವಾದ ಕಾರಣವೂ ಇದೆ. ಟ್ರಾವೆಲ್ ತಂಡಗಳು ಸಾಮಾನ್ಯವಾಗಿ ಹನ್ನೊಂದು, ಹನ್ನೆರಡು ಹುಡುಗಿಯರನ್ನು ಇಟ್ಟುಕೊಳ್ಳುತ್ತವೆ. ಅದಕ್ಕಿಂತ ಜಾಸ್ತಿಯಾದರೆ ದುಡ್ಡು ಕೊಟ್ಟ ಮಕ್ಕಳು ಬೆಂಚಿನ ಮೇಲೆ ಕೂರುತ್ತಾರೆ, ಅಪ್ಪ ಅಮ್ಮಂದಿರು ಸುಮ್ನಿರುವುದಿಲ್ಲ. ಹನ್ನೊಂದರಲ್ಲಿ ಒಬ್ಬಳಿಗೆ ಕಾಲು ಉಳುಕಿತು, ಒಬ್ಬಳ ಅಕ್ಕನ ಗ್ರಾಜುಯೇಶನ್, ಇನ್ನೊಬ್ಬಳು ಜೂನ್ ತಿಂಗಳಿಡೀ ಇಂಡಿಯಾಕ್ಕೆ. (ಈ ಮೂರನೆಯದು ನಮ್ಮ ಕಾಣಿಕೆ. ಟಿಕೆಟ್ ಜನವರಿಯಲ್ಲೇ ಬುಕ್ ಆಗಿರುತ್ತದೆ, ಕೋಚ್‌ಗೆ ಹೇಳುವುದು ಮಾತ್ರ ಮೇ ಕೊನೆಗೆ.) ಆಡಲು ಒಂಬತ್ತು ಜನ ಬೇಕು; ಎಂಟೇ ಜನ ಉಳಿದರೆ ಹಲವು ಕಡೆ ಆಟ ಶುರು ಮಾಡಲು ಬಿಡುತ್ತಾರೆ, ಆದರೆ ಒಂಬತ್ತನೆಯವಳ ಬ್ಯಾಟಿಂಗ್ ಸರದಿ ಬಂದಾಗಲೆಲ್ಲ ಒಂದು ಔಟ್ ಬರೆಯುತ್ತಾರೆ. ಏಳಾದರೆ ಆಟವೇ ಇಲ್ಲ. ಆಗ ಕೋಚ್ ಫೋನ್ ಹಿಡಿದು ಕೂರುತ್ತಾರೆ.

ನನ್ನ ಲೆಕ್ಕದಲ್ಲಿ ಗೆಸ್ಟ್ ಕರೆಗಳು ಮೂರು ಬಗೆ. ಒಂದು, ತಲೆ ಎಣಿಕೆಗೆ. ಎರಡನೆಯದು, ಗೆಲ್ಲುವುದಕ್ಕೆ. ಮೂರನೆಯದು, ನೋಡುವುದಕ್ಕೆ, ಅಂದರೆ ಮುಂದಿನ ಸೀಸನ್‌ಗೆ ಈ ಹುಡುಗಿ ನಮಗೆ ಆಗುತ್ತಾಳಾ ಎಂದು ಪರೀಕ್ಷಿಸುವುದಕ್ಕೆ. ನಿಯಮದ ಪುಸ್ತಕಕ್ಕೆ ಮೂರೂ ಒಂದೇ. ನಿಮಗೆ ಒಂದೇ ಅಲ್ಲ. 14ಯು ತಂಡ 12 ವರ್ಷದ ಪಿಚರ್‌ನ್ನು ಕರೆದಿದೆ ಎಂದರೆ ತಲೆ ಎಣಿಕೆಗೆ ಅಲ್ಲ ಎಂದೇ ನನಗನ್ನಿಸುತ್ತದೆ. ಎಣಿಕೆಗಾದರೆ ಔಟ್‌ಫೀಲ್ಡ್‌ಗೆ ಒಬ್ಬಳನ್ನು ಕರೆಯುತ್ತಿದ್ದರು. ಒಂದೋ ಅವರ ಪಿಚರ್ ಗಾಯಗೊಂಡಿದ್ದಾಳೆ, ಇಲ್ಲವೇ ನಿಮ್ಮ ಮಗಳ ಮೇಲೆ ಕಣ್ಣಿದೆ. ಎರಡೂ ತಪ್ಪಲ್ಲ. ಯಾವುದು ಎಂದು ನೇರವಾಗಿ ಕೇಳಿ. ಇಲ್ಲಿ ಹಾಗೆ ಕೇಳುವುದನ್ನು ಯಾರೂ ಒರಟುತನ ಎಂದುಕೊಳ್ಳುವುದಿಲ್ಲ.

ಈಗ ಆ ತಾಯಿ ಹೆದರಿಸಿದ ವಿಷಯ. ಅವರು ಹೇಳಿದ್ದು ಸುಳ್ಳಲ್ಲ. ಪಟ್ಟಿಯಲ್ಲಿ ಇರಬಾರದ ಆಟಗಾರ್ತಿ ಆಡಿದಳು ಎಂದು ಸಾಬೀತಾದರೆ ಸಾಮಾನ್ಯವಾಗಿ ಆ ಪಂದ್ಯ ಎದುರು ತಂಡಕ್ಕೆ ಹೋಗುತ್ತದೆ. ದೊಡ್ಡ ಟೂರ್ನಮೆಂಟಾದರೆ ತಂಡವನ್ನೇ ಹೊರಗೆ ಹಾಕಬಹುದು, ಕೋಚ್‌ನ್ನು ಅಮಾನತು ಮಾಡಬಹುದು. ಕೆಲವು ವರ್ಷಗಳ ಹಿಂದೆ ನಾನು ಒಂದು 12ಯು ತಂಡದ ಮ್ಯಾನೇಜರ್ ಆಗಿದ್ದಾಗ ಹೀಗಾಯಿತು. ಶನಿವಾರ ಮಧ್ಯಾಹ್ನ ನಮ್ಮ ಶಾರ್ಟ್‌ಸ್ಟಾಪ್ ಹುಡುಗಿ ಕಾಲು ಉಳುಕಿಸಿಕೊಂಡಳು. ಪಕ್ಕದ ಮೈದಾನದಲ್ಲಿ ಬೆಳಗ್ಗೆ ಆಡಿ, ಮರುದಿನ ಬರಲಾಗುವುದಿಲ್ಲ ಎಂದು ಹೊರಟಿದ್ದ ಒಂದು ತಂಡದ ಹುಡುಗಿಯನ್ನು ನಾವು ಕೇಳಿಕೊಂಡೆವು. ಅವಳ ಅಪ್ಪ ಖುಷಿಯಿಂದ ಒಪ್ಪಿದರು. ಹೆಸರು ಬರೆದೆವು, ನೋಂದಣಿ ಮೇಜಿನಲ್ಲಿದ್ದವರು ಏನೂ ಕೇಳಲಿಲ್ಲ. ಭಾನುವಾರ ಸೆಮಿಫೈನಲ್ ಗೆದ್ದೆವು. ಎದುರು ತಂಡದ ಕೋಚ್ ಪ್ರೊಟೆಸ್ಟ್ ಹಾಕಿದರು. ಪ್ರೊಟೆಸ್ಟ್ ಅಂದರೆ ಮೈದಾನದಲ್ಲೇ ನಗದು ಕಟ್ಟಿ ದೂರು ಕೊಡುವುದು, ದೂರು ಸರಿಯಾದರೆ ದುಡ್ಡು ವಾಪಸ್. ಅವರಿಗೆ ವಾಪಸ್ ಸಿಕ್ಕಿತು. ಒಂದೇ ಟೂರ್ನಮೆಂಟಿನಲ್ಲಿ, ಒಂದೇ ವಯಸ್ಸಿನ ವಿಭಾಗದಲ್ಲಿ, ಎರಡು ತಂಡಗಳಿಗೆ ಆಡುವಂತಿಲ್ಲ ಎಂಬ ಸಾಲು ಅವರ ನಿಯಮದಲ್ಲಿತ್ತು. ನಾನು ಓದಿರಲಿಲ್ಲ. ತಪ್ಪು ನನ್ನದು, ಆದರೆ ಪಾರ್ಕಿಂಗ್ ಲಾಟ್‌ನಲ್ಲಿ ಅತ್ತದ್ದು ಆ ಹುಡುಗಿ. ತನ್ನಿಂದ ಹನ್ನೊಂದು ಜನ ಮನೆಗೆ ಹೋಗಬೇಕಾಯಿತು ಎಂದು ಅವಳು ಅಂದುಕೊಂಡಿದ್ದಳು.

ದೊಡ್ಡ ಮಟ್ಟದಲ್ಲೂ ಇದೇ. ಸಾಫ್ಟ್‌ಬಾಲ್ ಅಲ್ಲ, ಬೇಸ್‌ಬಾಲ್‌ನ ಕಥೆ ಹೇಳುತ್ತೇನೆ, ಯಾಕೆಂದರೆ ಇಲ್ಲಿನ ಕೋಚ್‌ಗಳ ಬಾಯಲ್ಲಿ ಇವು ಇನ್ನೂ ಇವೆ. 2001ರ ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ಎಂಬ ಮಕ್ಕಳ ಬೇಸ್‌ಬಾಲ್ ಟೂರ್ನಮೆಂಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಒಬ್ಬ ಪಿಚರ್ ಎಲ್ಲರನ್ನೂ ದಂಗುಬಡಿಸಿದ. ಆಮೇಲೆ ನೋಡಿದರೆ ಅವನಿಗೆ 12 ಅಲ್ಲ, 14. ಜನನ ದಾಖಲೆ ತಿದ್ದಿದ್ದರು. ತಂಡದ ಗೆಲುವುಗಳೆಲ್ಲ ರದ್ದಾದವು, ಹುಡುಗನ ತಂದೆಗೂ ತಂಡ ನಡೆಸುತ್ತಿದ್ದವರಿಗೂ ಜೀವಮಾನದ ನಿಷೇಧ. ಹುಡುಗನ ಹೆಸರು ಇಲ್ಲಿ ಬೇಡ, ಪಾಪ, ಇಪ್ಪತ್ತು ವರ್ಷದಿಂದ ಬೇಕಾದಷ್ಟು ಬರೆದಿದ್ದಾರೆ. 2014ರಲ್ಲಿ ಶಿಕಾಗೋದ ಜಾಕಿ ರಾಬಿನ್ಸನ್ ವೆಸ್ಟ್ ತಂಡ ಅಮೆರಿಕದ ಚಾಂಪಿಯನ್ ಆಯಿತು. ತಮ್ಮ ಗಡಿಯ ಹೊರಗಿನ ಹುಡುಗರನ್ನು ಸೇರಿಸಿಕೊಂಡಿದ್ದಾರೆ ಎಂದು 2015ರ ಫೆಬ್ರವರಿಯಲ್ಲಿ ಆ ಪ್ರಶಸ್ತಿ ಕಿತ್ತುಕೊಂಡರು. ಲಿಟಲ್ ಲೀಗ್‌ನಲ್ಲಿ ಮನೆ ಅಥವಾ ಶಾಲೆ ಎಲ್ಲಿದೆ ಎನ್ನುವುದೇ ಮುಖ್ಯ. ಟ್ರಾವೆಲ್ ಬಾಲ್‌ನಲ್ಲಿ ಹಾಗಿಲ್ಲ, ಎಲ್ಲಿಂದ ಬೇಕಾದರೂ ಬರಬಹುದು. ಅದಕ್ಕೇ ಇಲ್ಲಿ ರೋಸ್ಟರ್ ಎಂಬ ಕಾಗದಕ್ಕೆ ಇಷ್ಟು ತೂಕ.

ನಿಮ್ಮ ವಿಷಯದಲ್ಲಿ ಅಪಾಯ ಎಷ್ಟು? ಅದು ಟೂರ್ನಮೆಂಟ್ ಯಾವ ಜಾತಿಯದು ಎಂಬುದರ ಮೇಲೆ ಹೋಗುತ್ತದೆ. ಊರಿನ ಮಟ್ಟದ ವಾರಾಂತ್ಯದ ಟೂರ್ನಮೆಂಟುಗಳಲ್ಲಿ ಗೆಸ್ಟ್‌ಗಳಿಗೆ ಸಾಮಾನ್ಯವಾಗಿ ಬಾಗಿಲು ತೆರೆದಿರುತ್ತದೆ, ಎರಡೋ ಮೂರೋ ಜನ ಎಂದು ಮಿತಿ ಇರುತ್ತದೆ. ಶೋಕೇಸ್‌ಗಳಲ್ಲಿ ಇನ್ನೂ ಸಡಿಲ, ಅಲ್ಲಿ ಕಪ್ ಮುಖ್ಯವಲ್ಲ, ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳುವುದು ಮುಖ್ಯ. ರಾಷ್ಟ್ರೀಯ ಟೂರ್ನಮೆಂಟ್ ಮತ್ತು ಅದಕ್ಕೆ ಅರ್ಹತೆ ಕೊಡುವ ಕ್ವಾಲಿಫೈಯರ್‌ಗಳಲ್ಲಿ ಮಾತ್ರ ಬಿಗಿ. ಅಲ್ಲಿ ಒಂದು ದಿನಾಂಕದ ನಂತರ ರೋಸ್ಟರ್ ಫ್ರೀಜ್ ಮಾಡಿಬಿಡುತ್ತಾರೆ. ಇನ್ನೊಂದು ವಿಷಯ ಕ್ಲಾಸ್. ತಂಡಗಳನ್ನು ಎ, ಬಿ, ಸಿ ಎಂದು ವಿಂಗಡಿಸಿರುತ್ತಾರೆ. ಎ ತಂಡದ ಹುಡುಗಿ ಸಿ ತಂಡಕ್ಕೆ ಗೆಸ್ಟ್ ಆಗಿ ಇಳಿದರೆ ಎಲ್ಲರ ಹುಬ್ಬೂ ಮೇಲೇರುತ್ತದೆ, ಹಲವೆಡೆ ಅದಕ್ಕೆ ಅವಕಾಶವೂ ಇಲ್ಲ. ನಿಮ್ಮವಳು ಕೆಳಗಿನ ವಯಸ್ಸಿನಿಂದ ಮೇಲಕ್ಕೆ ಹೋಗುತ್ತಿರುವುದರಿಂದ ಆ ತಕರಾರು ಬರುವುದು ಕಡಿಮೆ. ಮೇಲಿನ ವಯಸ್ಸಿನ ವಿಭಾಗದಲ್ಲಿ ಆಡಬಹುದು, ಕೆಳಗಿನದರಲ್ಲಿ ಆಡುವಂತಿಲ್ಲ. ಈ ಒಂದು ಮಾತು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

ಹಾಗಾಗಿ ಟೂರ್ನಮೆಂಟ್ ಡೈರೆಕ್ಟರ್‌ಗೆ ಒಂದು ಇಮೇಲ್ ಹೋಗಲಿ. ಅದನ್ನು ಆ 14ಯು ಕೋಚ್ ಕಳಿಸಲಿ, ನಿಮಗೂ ಒಂದು ಪ್ರತಿ ಬರಲಿ. ‘ಇಂಥ ತಂಡದ ರೋಸ್ಟರ್‌ನಲ್ಲಿರುವ ಹುಡುಗಿ ನಮಗೆ ಗೆಸ್ಟ್ ಆಗಿ ಆಡಬಹುದೇ’ ಎಂದು ಕೇಳಿ, ‘ಆಡಬಹುದು’ ಎಂಬ ಲಿಖಿತ ಉತ್ತರ ನಿಮ್ಮ ಫೋನಿನಲ್ಲಿ ಉಳಿದಿದ್ದರೆ ಪ್ರೊಟೆಸ್ಟ್ ಬಂದಾಗ ಅದೇ ನಿಮ್ಮ ಕೊಡೆ. ಕೋಚ್ ಇದಕ್ಕೆ ಹಿಂದೆ ಮುಂದೆ ನೋಡಿದರೆ, ‘ಅಯ್ಯೋ ಯಾರೂ ಚೆಕ್ ಮಾಡಲ್ಲ’ ಎಂದರೆ, ಬೇರೆ ಹುಡುಗಿಯ ಹೆಸರಿನಲ್ಲಿ ಆಡಲಿ ಎಂದು ತಮಾಷೆಗಾದರೂ ಹೇಳಿದರೆ, ಅಲ್ಲಿಗೇ ಬಿಡಿ.

ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಇದು ನಮ್ಮವರಿಗೆ ಮಾತ್ರ ಬರುವ ಕಷ್ಟ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಆಸ್ಪತ್ರೆಯಿಂದ ಜನನ ನೋಂದಣಿ ಹೋಗುತ್ತದೆ, ನಾಮಕರಣ ಆಮೇಲೆ. ಸರ್ಟಿಫಿಕೇಟಿನಲ್ಲಿ ತಂದೆ ತಾಯಿ ಹೆಸರಿದ್ದು ಮಗುವಿನ ಹೆಸರಿನ ಜಾಗ ಖಾಲಿ. ಅಮೆರಿಕದ ಮೇಜಿನ ಹಿಂದೆ ಕೂತವರಿಗೆ ಅದನ್ನು ನೋಡಿದರೆ ತಲೆ ತಿರುಗುತ್ತದೆ. ಸುಲಭದ ದಾರಿ ಪಾಸ್‌ಪೋರ್ಟ್. ಅದು ನಡೆಯುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಹೆಸರನ್ನು ಸೇರಿಸಿದ ಹೊಸ ಸರ್ಟಿಫಿಕೇಟ್ ಊರಲ್ಲಿ ಮಾಡಿಸಿಕೊಳ್ಳಬಹುದು, ಮುಂದಿನ ಸಲ ಹೋದಾಗ ಆ ಕೆಲಸ ಮುಗಿಸಿಬಿಡಿ, ಸಾಫ್ಟ್‌ಬಾಲ್‌ಗಲ್ಲದಿದ್ದರೂ ಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದೆ ವೀಸಾದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುವ ಮಕ್ಕಳೂ ಇದ್ದಾರೆ. ರೋಸ್ಟರ್‌ನಲ್ಲಿ ಶಾಲೆಯ ಹೆಸರು, ದಾಖಲೆಯಲ್ಲಿ ಇನ್ನೊಂದು, ಜರ್ಸಿಯ ಬೆನ್ನ ಮೇಲೆ ಮನೆಯಲ್ಲಿ ಕರೆಯುವ ಹೆಸರು ಆಗಬಾರದು. ತೋರಿಸುವ ದಾಖಲೆಯಲ್ಲಿ ಹೇಗಿದೆಯೋ ರೋಸ್ಟರ್‌ನಲ್ಲೂ ಹಾಗೇ ಇರಲಿ.

ಹೆಸರಿಗಿಂತ ಹುಟ್ಟಿದ ದಿನಾಂಕ ಇನ್ನೂ ಜಾಣತನದಿಂದ ಕಾಡುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ 05/09 ಅಂದರೆ ಸೆಪ್ಟೆಂಬರ್ 5. ಇಲ್ಲಿಯವರು ಅದನ್ನು ಮೇ 9 ಎಂದು ಓದುತ್ತಾರೆ. ವಯಸ್ಸಿನ ಲೆಕ್ಕ ಜನವರಿ 1ಕ್ಕೆ ಇದ್ದಾಗ ಇದರಿಂದ ಏನೂ ಆಗುತ್ತಿರಲಿಲ್ಲ, ವರ್ಷ ಒಂದೇ ಅಲ್ವಾ. ಈಚೆಗೆ ಹಲವು ಸಂಸ್ಥೆಗಳು ಆ ಗಡುವನ್ನು ಸೆಪ್ಟೆಂಬರ್ 1ಕ್ಕೆ ತಂದಿವೆ. ಈಗ ಸೆಪ್ಟೆಂಬರ್ 5ರ ಮಗು ಗೆರೆಯ ಈಚೆ, ಮೇ 9ರ ಮಗು ಆಚೆ. ನಮ್ಮ ತಂಡದಲ್ಲೇ ಒಬ್ಬ ಹುಡುಗಿಗೆ ಹೀಗೆ ವಯಸ್ಸು ಮೀರಿದೆ ಎಂದು ತಡೆದರು. ಅವಳಮ್ಮ ಫೋನಿನಲ್ಲಿ ಅಮೆರಿಕದ ವೀಸಾ ಪುಟ ತೋರಿಸಿದ ಮೇಲೆ ಬಿಟ್ಟರು, ಅದರಲ್ಲಿ ತಿಂಗಳು ಅಕ್ಷರದಲ್ಲಿರುತ್ತದೆ. ನಿಮ್ಮ ಮಗಳಿಗೆ 14ಯುನಲ್ಲಿ ಈ ತೊಂದರೆ ಬರುವುದಿಲ್ಲ, ಆದರೆ ನಿಮ್ಮ ಸ್ವಂತ 12ಯು ತಂಡದ ದಾಖಲೆಯಲ್ಲಿ ದಿನಾಂಕ ಸರಿ ಇದೆಯಾ ಎಂದು ಇವತ್ತೇ ನೋಡಿ. ಮತ್ತೆ, ಪಾಸ್‌ಪೋರ್ಟಿನ ಫೋಟೋವನ್ನು ತಂಡದ ಗ್ರೂಪ್ ಚಾಟ್‌ಗೆ ಹಾಕಬೇಡಿ. ಮೇಜಿನ ಬಳಿ ತೋರಿಸಿ, ಕಳಿಸಲೇಬೇಕೆಂದರೆ ಪಾಸ್‌ಪೋರ್ಟ್ ನಂಬರ್ ಮುಚ್ಚಿ ಕಳಿಸಿ.

ನಿಮ್ಮ ಕೋಚ್‌ಗೆ ಹೇಳಬೇಕೇ ಎಂದಿರಿ. ಹೇಳಬೇಕು, ಎಲ್ಲಕ್ಕಿಂತ ಮೊದಲು. ಕೆಲವು ಕ್ಲಬ್‌ಗಳ ಒಪ್ಪಂದದಲ್ಲೇ ಅನುಮತಿ ಇಲ್ಲದೆ ಹೊರಗೆ ಆಡುವಂತಿಲ್ಲ ಎಂದಿರುತ್ತದೆ, ಸೀಸನ್ ಶುರುವಿನಲ್ಲಿ ನೀವು ಸಹಿ ಹಾಕಿದ ಕಾಗದ ತೆಗೆದು ನೋಡಿ. ಇಲ್ಲದಿದ್ದರೂ ಹೇಳಿ. ಸಾಫ್ಟ್‌ಬಾಲ್ ಪ್ರಪಂಚ ಸಣ್ಣದು. ಶನಿವಾರ ಬೆಳಗ್ಗೆ ಅವಳು ಬೇರೆ ಜರ್ಸಿ ಹಾಕಿದ ಫೋಟೋ ಮಧ್ಯಾಹ್ನದೊಳಗೆ ನಿಮ್ಮ ಕೋಚ್‌ಗೆ ಯಾರಾದರೂ ಕಳಿಸಿರುತ್ತಾರೆ. ‘ನಮಗೆ ಆಟವಿಲ್ಲದ ವಾರ, ಅವಳಿಗೆ ದೊಡ್ಡ ಹುಡುಗಿಯರ ಎದುರು ಎಸೆದು ನೋಡುವ ಆಸೆ, ನೀವೇನಂತೀರಿ’ ಎಂದು ಕೇಳಿದರೆ ಒಳ್ಳೆಯ ಕೋಚ್ ಬೇಡ ಅನ್ನುವುದಿಲ್ಲ. ಅಂದರೂ ಕಾರಣ ಹೇಳುತ್ತಾರೆ, ಆ ಕಾರಣ ಬಹುಶಃ ಅವಳ ತೋಳು.

ಆ ತೋಳಿನ ವಿಷಯವನ್ನು ನೀವು ಕೇಳಲೇ ಇಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. 12ಯುನಲ್ಲಿ ಪಿಚರ್ ಎಸೆಯುವುದು 40 ಅಡಿಯಿಂದ, 14ಯುನಲ್ಲಿ 43. ಚೆಂಡು ಅದೇ 12 ಇಂಚಿನದು. ಮೂರೇ ಅಡಿ ಅನ್ನಿಸುತ್ತದೆ, ಆದರೆ ಅವಳ ಚೇಂಜ್‌ಅಪ್ (ನಿಧಾನದ ಎಸೆತ) ಬ್ಯಾಟರ್ ಮುಂದಿನ ಪ್ಲೇಟ್ ತಲುಪುವ ಮುಂಚೆ ನೆಲಕ್ಕೆ ಬೀಳುತ್ತದೆ, ಆಗ ಅವಳು ಜೋರಾಗಿ ಎಸೆಯಲು ಹೋಗಿ ಭುಜ ಎಳೆದುಕೊಳ್ಳುತ್ತಾಳೆ. ಕನಿಷ್ಠ ಎರಡು ವಾರ 43 ಅಡಿಯಿಂದ ಅಭ್ಯಾಸ ಮಾಡಿಸಿ. ಇನ್ನೊಂದು, ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ 11–12 ವಯಸ್ಸಿನವರಿಗೆ ದಿನಕ್ಕೆ 85 ಎಸೆತ ಎಂಬ ಮಿತಿ ಇದೆ. ಟ್ರಾವೆಲ್ ಸಾಫ್ಟ್‌ಬಾಲ್ ಟೂರ್ನಮೆಂಟುಗಳಲ್ಲಿ ಅಂಥ ಎಣಿಕೆ ಸಾಮಾನ್ಯವಾಗಿ ಇರುವುದಿಲ್ಲ. ಕೈ ಕೆಳಗಿನಿಂದ ಎಸೆದರೆ ತೋಳಿಗೇನೂ ಆಗುವುದಿಲ್ಲ ಎಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಶನಿವಾರ ಪೂಲ್ ಪಂದ್ಯ ಎರಡೋ ಮೂರೋ, ಭಾನುವಾರ ಗೆಲ್ಲುತ್ತಾ ಹೋದರೆ ಇನ್ನೂ ಮೂರು ನಾಲ್ಕು. ತಮ್ಮ ಪಿಚರ್‌ನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳಬೇಕು ಎಂಬ ಯೋಚನೆ ಕೋಚ್‌ಗೆ ಇರುತ್ತದೆ, ಗೆಸ್ಟ್ ಪಿಚರ್ ಬಗ್ಗೆ ಆ ಯೋಚನೆ ಬರುವುದಿಲ್ಲ. ಕೆಟ್ಟವರು ಅಂತಲ್ಲ, ಮುಂದಿನ ವಾರ ಅವಳು ಅವರ ಕಣ್ಣೆದುರು ಇರುವುದಿಲ್ಲ ಅಷ್ಟೇ. ಹೋಗುವ ಮುಂಚೆಯೇ ‘ಎರಡು ದಿನದಲ್ಲಿ ಇಷ್ಟು ಇನ್ನಿಂಗ್ಸ್, ಅದರ ಮೇಲೆ ಇಲ್ಲ’ ಎಂದು ಒಪ್ಪಿಸಿಕೊಳ್ಳಿ. ಆ ಸಂಖ್ಯೆಯನ್ನು ನಿಮ್ಮ ಪಿಚಿಂಗ್ ಕೋಚ್ ಹೇಳಲಿ, ನಾನು ಅವಳನ್ನು ನೋಡಿಲ್ಲ.

ಆ ಕೋಚ್ ‘ಒಳ್ಳೆ ಎಕ್ಸ್‌ಪೋಶರ್’, ಅಂದರೆ ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳುವ ಅವಕಾಶ, ಎಂಬ ಮಾತು ಬಳಸಿದ್ದರೆ ಅದಕ್ಕೆ ಮರುಳಾಗಬೇಡಿ. ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ 2018ರಲ್ಲಿ ತಂದ ನಿಯಮದ ಪ್ರಕಾರ ಡಿವಿಷನ್ 1 (ಅತಿ ಮೇಲಿನ ಹಂತದ) ಕಾಲೇಜು ಸಾಫ್ಟ್‌ಬಾಲ್ ಕೋಚ್‌ಗಳು ಹುಡುಗಿಯ ಜೂನಿಯರ್ ವರ್ಷದ, ಅಂದರೆ 11ನೇ ತರಗತಿಯ, ಸೆಪ್ಟೆಂಬರ್ 1ರ ಮುಂಚೆ ಅವಳ ಜೊತೆ ರಿಕ್ರೂಟಿಂಗ್ ಮಾತುಕತೆ ಮಾಡುವಂತಿಲ್ಲ. ನಿಮ್ಮವಳಿಗೆ ಇನ್ನೂ 12.

ಇನ್ನು ಖರ್ಚು. ವಾಡಿಕೆಯಲ್ಲಿ ಗೆಸ್ಟ್ ತಂಡದ ಫೀಸ್ ಕೊಡುವುದಿಲ್ಲ, ಎಂಟ್ರಿ ಫೀಸ್ ತಂಡದ್ದೇ. ಪೆಟ್ರೋಲು, ಹೋಟೆಲ್, ಮೈದಾನದ ಗೇಟ್ ಟಿಕೆಟ್ ನಿಮ್ಮದು. ದೂರದ ಟೂರ್ನಮೆಂಟಾದರೆ ಅವರು ಹೇಳಿದ ಹೋಟೆಲ್‌ನಲ್ಲೇ ಇಳಿಯಬೇಕು ಎಂಬ ಷರತ್ತೂ ಇರಬಹುದು, ಕೇಳಿಕೊಳ್ಳಿ. ಜರ್ಸಿ ಅವರು ಕೊಡುತ್ತಾರೆ, ತೊಳೆದು ವಾಪಸ್ ಕೊಡಿ. ಅದರ ನಂಬರ್ ತಂಡದಲ್ಲಿ ಬೇರೆ ಯಾರಿಗೂ ಇಲ್ಲ ಎಂದು, ಪಟ್ಟಿಯಲ್ಲೂ ಅದೇ ನಂಬರ್ ಬರೆದಿದ್ದಾರೆ ಎಂದು ಒಮ್ಮೆ ನೋಡಿ. ಇನ್ಶೂರೆನ್ಸ್ ಮಾತ್ರ ಮರೆಯಬೇಡಿ: ತಂಡದ ಪಾಲಿಸಿ ರೋಸ್ಟರ್‌ನಲ್ಲಿ ಇರುವವರಿಗೆ ಮಾತ್ರವೋ, ಗೆಸ್ಟ್‌ಗೂ ಇದೆಯೋ ಎಂದು ಆ ಕೋಚ್ ಹತ್ತಿರ ಬರಹದಲ್ಲಿ ಕೇಳಿ. ಇಲ್ಲ ಎಂದರೆ ಹಾಗೆ ಹೋಗಬೇಡಿ.

ಎಲ್ಲ ಸರಿಹೋಗಿ ಹೊರಟರೆ, ಆ ತಂಡದ ಎರಡನೆಯ ಪಿಚರ್ ಯಾರು ಎಂದು ಶನಿವಾರ ಬೆಳಗ್ಗೆ ವಾರ್ಮ್‌ಅಪ್ ಹೊತ್ತಿಗೆ ಗುರುತು ಮಾಡಿಕೊಳ್ಳಿ. ನಿಮ್ಮ ಮಗಳು ಎಸೆಯುವಷ್ಟು ಹೊತ್ತು ಬೆಂಚಿನಲ್ಲಿ ಕೂರುವವಳು ಅವಳು. ಅವಳಮ್ಮ ಬ್ಲೀಚರ್ಸ್‌ನಲ್ಲಿ ನಿಮ್ಮ ಪಕ್ಕದಲ್ಲೇ ಎಲ್ಲೋ ಇರುತ್ತಾರೆ. ಮೊದಲು ನೀವೇ ಹೋಗಿ ಮಾತಾಡಿಸಿ.